ಆರೋಗ್ಯ ವಿಮೆ: ಆನ್‌ಲೈನ್ ಏಜೆಂಟ್ ಎಷ್ಟು ಸ್ವತಂತ್ರ?

2025ರ ಸೆಪ್ಟೆಂಬರ್ 22ರಂದು ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ.18ರ ಜಿಎಸ್‌ಟಿ ರದ್ದಾದಾಗ ಪಾಲಿಸಿದಾರರು ನಿಟ್ಟುಸಿರು ಬಿಟ್ಟದ್ದು ಸಹಜವೇ ಆಗಿತ್ತು. ವರ್ಷಕ್ಕೆ 25,000 ರೂ. ಪ್ರೀಮಿಯಂ ಇರುವ ಕುಟುಂಬವೊಂದು ತೆರಿಗೆಯೂ ಸೇರಿ 29,500 ರೂ. ಕಟ್ಟಬೇಕಿತ್ತು. ಅದರಲ್ಲಿ 4,500 ರೂ. ಒಂದೇ ಏಟಿಗೆ ಉಳಿಯಿತು. ಪಾಲಿಸಿ ಮಾರುವ ಏಜೆಂಟರಿಗೂ ಇದು ಶುಭ ಸುದ್ದಿಯೇ ಆಗಬೇಕಿತ್ತು. ಬೆಲೆ ಇಳಿದರೆ ಗಿರಾಕಿ ಹೆಚ್ಚುವುದು ಸಂತೆಯ ಸಾಮಾನ್ಯ ಜ್ಞಾನ.

ಆದರೆ ಅಕ್ಟೋಬರ್ ಕಾಲಿಡುವ ಹೊತ್ತಿಗೆ ಹಲವು ವಿಮಾ ಕಂಪನಿಗಳು ತಮ್ಮ ಏಜೆಂಟರಿಗೆ ಬೇರೊಂದು ಸುದ್ದಿ ಮುಟ್ಟಿಸಿದವು. ಇನ್ನು ಮುಂದೆ ಕೊಡುವ ಕಮಿಷನ್ ಜಿಎಸ್‌ಟಿಯನ್ನೂ ಒಳಗೊಂಡಿರುತ್ತದೆ ಎಂಬುದು ಅದರ ಸಾರ. ಕೇಳಲು ತಾಂತ್ರಿಕವೆನಿಸುವ ಈ ಒಂದು ಸಾಲಿನ ಅರ್ಥ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. ಏಜೆಂಟ್ ಕಂಪನಿಗೆ ಸಲ್ಲಿಸುವ ಸೇವೆಗೂ ಶೇ.18 ಜಿಎಸ್‌ಟಿ ಉಂಟು. ಅದನ್ನು ಏಜೆಂಟನ ಬದಲು ವಿಮಾ ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕೆಂಬುದು ನಿಯಮ. ಪ್ರೀಮಿಯಂ ಮೇಲೆ ತೆರಿಗೆ ಇದ್ದಾಗ ಕಂಪನಿ ಹೀಗೆ ಕಟ್ಟಿದ್ದನ್ನು ಗ್ರಾಹಕನಿಂದ ವಸೂಲಾದ ತೆರಿಗೆಯಲ್ಲಿ ಸರಿಹೊಂದಿಸಿಕೊಳ್ಳುತ್ತಿತ್ತು. ಪ್ರೀಮಿಯಂಗೆ ವಿನಾಯಿತಿ ಬಂದ ಮೇಲೆ ಸರಿಹೊಂದಿಸಿಕೊಳ್ಳುವ ದಾರಿ ಮುಚ್ಚಿತು. ಹೀಗಾಗಿ ಕಮಿಷನ್ ಮೇಲಿನ ತೆರಿಗೆ ಕಂಪನಿಯ ಸ್ವಂತ ಖರ್ಚಾಯಿತು. ಆ ಖರ್ಚನ್ನು ಹಲವು ಕಂಪನಿಗಳು ಏಜೆಂಟನ ಹೆಗಲಿಗೆ ದಾಟಿಸಿದವು.

25,000 ರೂ. ಪ್ರೀಮಿಯಂಗೆ ಉದಾಹರಣೆಗಾಗಿ ಶೇ.15 ಕಮಿಷನ್ ಎಂದಿಟ್ಟುಕೊಂಡರೆ ಏಜೆಂಟನಿಗೆ 3,750 ರೂ. ಸಿಗುತ್ತಿತ್ತು. ಅದೇ ಮೊತ್ತ ಜಿಎಸ್‌ಟಿಯನ್ನು ಒಳಗೊಂಡಿದೆ ಎಂದಾದರೆ ಕೈಗೆ ಬರುವುದು ಸುಮಾರು 3,178 ರೂ. ಒಂದು ಪಾಲಿಸಿಯಲ್ಲಿ 572 ರೂ. ಕಡಿತ. ನೂರು ಕುಟುಂಬಗಳನ್ನು ನಂಬಿಕೊಂಡಿರುವ ತಾಲ್ಲೂಕು ಮಟ್ಟದ ಏಜೆಂಟನಿಗೆ ವರ್ಷಕ್ಕೆ 57 ಸಾವಿರ ರೂ. ನಷ್ಟ. ಗ್ರಾಹಕನಿಗೆ ಸಿಕ್ಕ ರಿಯಾಯಿತಿಯ ಒಂದು ಪಾಲನ್ನು ಹೀಗೆ ಸದ್ದಿಲ್ಲದೆ ಏಜೆಂಟನೇ ತೆತ್ತಂತಾಯಿತು.

ಇದು ಏಜೆಂಟರ ಹೊಟ್ಟೆಪಾಡಿನ ಪ್ರಶ್ನೆಯಷ್ಟೇ ಆಗಿದ್ದರೆ ಸಾರ್ವಜನಿಕರು ತಲೆ ಕೆಡಿಸಿಕೊಳ್ಳಬೇಕಾದ ಅಗತ್ಯ ಇರಲಿಲ್ಲ. ಆದರೆ ಆರೋಗ್ಯ ವಿಮೆಯಲ್ಲಿ ಏಜೆಂಟ್ ಮಾಡುವ ಕೆಲಸಗಳ ಪೈಕಿ ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದರ ಮೇಲೆ ಪಾಲಿಸಿದಾರನ ಕ್ಲೇಮಿನ ಹಣೆಬರಹ ನಿಂತಿದೆ. ಮಾರಾಟವೆಲ್ಲ ಮೊಬೈಲಿಗೆ ಬಂದ ಮೇಲಂತೂ ಈ ನಂಟು ಮತ್ತಷ್ಟು ಬಿಗಿಯಾಗಿದೆ.

ಹೆಸರಿಗೆ ಸ್ವತಂತ್ರ

‘ಸ್ವತಂತ್ರ ವಿಮಾ ಸಲಹೆಗಾರ’ ಎಂಬ ಬಿರುದು ಇಂದು ವಿಸಿಟಿಂಗ್ ಕಾರ್ಡಿನಿಂದ ಹಿಡಿದು ವಾಟ್ಸ್‌ಆ್ಯಪ್ ಡಿಪಿಯವರೆಗೆ ಎಲ್ಲೆಡೆ ಕಾಣಸಿಗುತ್ತದೆ. ಕಾನೂನಿನಲ್ಲಿ ಇಂಥ ಪದವಿಯೇ ಇಲ್ಲ. 1938ರ ವಿಮಾ ಕಾಯ್ದೆಯ ಪ್ರಕಾರ ಏಜೆಂಟ್ ಎಂದರೆ ಕಂಪನಿಯ ಪ್ರತಿನಿಧಿ. 2015ರ ತಿದ್ದುಪಡಿಗೆ ಮುನ್ನ ಏಜೆಂಟರಿಗೆ ಪರವಾನಗಿ ಕೊಡುವ ಪದ್ಧತಿಯಿತ್ತು. ಆ ಬಳಿಕ ನೇಮಕದ ಅಧಿಕಾರವೇ ಕಂಪನಿಗಳ ಕೈಸೇರಿತು. 2016ರ ನಿಯಮಾವಳಿಯಂತೆ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಆರೋಗ್ಯ ವಿಮೆಯನ್ನಷ್ಟೇ ಮಾರುವ ಒಂದು ಕಂಪನಿ, ಜೊತೆಗೆ ಒಂದೇ ಬಗೆಯ ವಿಮೆ ನೀಡುವ ವಿಶೇಷ ಕಂಪನಿಗಳಲ್ಲಿ ತಲಾ ಒಂದಕ್ಕೆ ಕೆಲಸ ಮಾಡಬಹುದು. ಎರಡನೆಯ ಆರೋಗ್ಯ ವಿಮಾ ಕಂಪನಿಯ ಪಾಲಿಸಿ ಚೆನ್ನಾಗಿದೆ ಎಂದು ಅನ್ನಿಸಿದರೂ ಅದನ್ನು ಮಾರುವಂತಿಲ್ಲ. ಮನೆಯವರ ಹೆಸರಿನಲ್ಲಿ ಇನ್ನೊಂದು ಕೋಡ್ ಪಡೆದು ತಾನೇ ವ್ಯವಹಾರ ನಡೆಸುವ ಹಿಂಬಾಗಿಲ ಉಪಾಯ ಈ ರಂಗದವರಿಗೆ ಹೊಸದೇನಲ್ಲ.

ಬೇರೆ ಬೇರೆ ಕಂಪನಿಗಳ ಪಾಲಿಸಿಗಳನ್ನು ಒಂದೇ ಪರದೆಯ ಮೇಲೆ ಹರವಿ ಮಾರುವವರಲ್ಲಿ ಹೆಚ್ಚಿನವರು ಈ ಅರ್ಥದ ಏಜೆಂಟರಲ್ಲ. ಅವರು ಪಿಒಎಸ್‌ಪಿಗಳು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವಾದ ಐಆರ್‌ಡಿಎಐ 2015ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಹಾಗೂ ಆರೋಗ್ಯ ವಿಮೆಗಾಗಿ ಈ ವರ್ಗವನ್ನು ಸೃಷ್ಟಿಸಿತು. ಹತ್ತನೇ ತರಗತಿ ಪಾಸಾಗಿ, 15 ಗಂಟೆಗಳ ತರಬೇತಿ ಮುಗಿಸಿ, ಪರೀಕ್ಷೆಯೊಂದನ್ನು ದಾಟಿದರೆ ಸಾಕು. ಬ್ರೋಕರ್ ಸಂಸ್ಥೆಯ ಕೈಕೆಳಗೆ ನೋಂದಾಯಿಸಿಕೊಂಡ ಪಿಒಎಸ್‌ಪಿ ಆ ಬ್ರೋಕರ್ ವ್ಯವಹರಿಸುವ ಎಲ್ಲ ಕಂಪನಿಗಳ ಸರಳ ಪಾಲಿಸಿಗಳನ್ನೂ ತೋರಿಸಬಲ್ಲ. ತರಬೇತಿ, ಪರೀಕ್ಷೆ ಎರಡೂ ಆ್ಯಪ್‌ನಲ್ಲೇ ಮುಗಿಯುವುದರಿಂದ ಝೆರಾಕ್ಸ್ ಅಂಗಡಿಯವರು, ತೆರಿಗೆ ಸಲಹೆಗಾರರು, ವಾಹನ ದಾಖಲೆ ಮಾಡಿಸಿಕೊಡುವವರು ಹೆಚ್ಚಿನ ಸಂಖ್ಯೆಯಲ್ಲಿ ಇತ್ತ ತಿರುಗಿದ್ದರಲ್ಲಿ ಅಚ್ಚರಿಯಿಲ್ಲ.

ಹಾಗಾದರೆ ಪಿಒಎಸ್‌ಪಿ ಸ್ವತಂತ್ರನೇ? ಅವನೂ ಅಲ್ಲ. ಏಜೆಂಟ್ ಒಂದು ಕಂಪನಿಗೆ ಕಟ್ಟುಬಿದ್ದರೆ ಇವನು ಒಂದು ಬ್ರೋಕರ್ ಸಂಸ್ಥೆಗೆ ಕಟ್ಟುಬಿದ್ದವನು. ಗ್ರಾಹಕನ ಮಾಹಿತಿ ಬ್ರೋಕರ್‌ನ ಆ್ಯಪ್‌ನಲ್ಲಿ ಇರುತ್ತದೆ. ಯಾವ ಪಾಲಿಸಿ ಪಟ್ಟಿಯ ತುದಿಯಲ್ಲಿ ಕಾಣಬೇಕು ಎಂಬುದನ್ನು ಇವನು ನಿರ್ಧರಿಸುವುದಿಲ್ಲ. ಸಂಸ್ಥೆ ಬಿಟ್ಟು ಹೊರಬಂದರೆ ವರ್ಷಗಟ್ಟಲೆ ಕೂಡಿಹಾಕಿದ ನವೀಕರಣದ ಗಿರಾಕಿಗಳು ಜೊತೆಗೆ ಬರುತ್ತಾರೆಂಬ ಖಾತರಿಯಿಲ್ಲ.

ಎದುರಾಳಿಗಳ ಬಲವೋ ಬೇರೆ ತೆರನಾದ್ದು. 2008ರಲ್ಲಿ ಬೆಲೆ ಹೋಲಿಕೆಯ ತಾಣವಾಗಿ ಆರಂಭವಾದ ಪಾಲಿಸಿಬಜಾರ್ 2021ರಲ್ಲಿ ಬ್ರೋಕರ್ ಪರವಾನಗಿ ಪಡೆಯಿತು, ಅದೇ ವರ್ಷ ಅದರ ಮಾತೃಸಂಸ್ಥೆಯ ಷೇರುಗಳು ಮಾರುಕಟ್ಟೆಗೆ ಬಂದವು. ವಿಮಾ ಕಂಪನಿಗಳೂ ತಂತಮ್ಮ ಜಾಲತಾಣಗಳಲ್ಲಿ ನೇರವಾಗಿ ಕೊಳ್ಳುವವರಿಗೆ ರಿಯಾಯಿತಿ ಕೊಡಬಲ್ಲವು. ಏಜೆಂಟ್ ತನ್ನ ಕಮಿಷನ್‌ನಿಂದ ಅಷ್ಟೇ ರಿಯಾಯಿತಿ ಕೊಡುತ್ತೇನೆಂದರೆ ಅದು ಅಪರಾಧ. ವಿಮಾ ಕಾಯ್ದೆಯ 41ನೇ ಕಲಂ ಕಮಿಷನ್ ಹಂಚಿಕೆಯನ್ನು ನಿಷೇಧಿಸಿದ್ದು, ದಂಡ 10 ಲಕ್ಷ ರೂ.ವರೆಗೆ ಇದೆ. ‘ಮೊದಲ ವರ್ಷದ ಕಮಿಷನ್ ನಿಮಗೇ ಬಿಟ್ಟುಕೊಡುತ್ತೇನೆ’ ಎಂಬ ಮಾತು ಊರೂರಲ್ಲೂ ಕೇಳಿಬರುತ್ತದೆ ಎಂಬುದು ಬೇರೆ ವಿಚಾರ.

ಸ್ಟೇಟಸ್‌ಗೆ ಹಾಕುವ ಚಿತ್ರಕ್ಕೂ ಕಟ್ಟುಪಾಡಿದೆ. ಪಾಲಿಸಿಯ ಪ್ರಯೋಜನಗಳನ್ನು ಸಾರುವ ಜಾಹೀರಾತನ್ನು ಏಜೆಂಟ್ ಪ್ರಕಟಿಸಬೇಕಾದರೆ ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಇರಬೇಕು. ಸ್ವಂತವಾಗಿ ತಯಾರಿಸಿದ ‘ಎಲ್ಲ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ’ ಎಂಬ ಪೋಸ್ಟರ್‌ಗಳು ಈ ಜರಡಿಯಲ್ಲಿ ಹಾದುಬಂದವುಗಳಲ್ಲ.

ಏಳೆಂಟು ಪರದೆಗಳ ವ್ಯವಹಾರ

ಸರ್ಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ತಂದಾಗ ಮಾರಾಟವೆಂದರೆ ಕಾಗದ, ಸಹಿ ಮತ್ತು ಚೆಕ್. ಏಜೆಂಟ್ ಮನೆಗೆ ಬಂದು ಜಗಲಿಯ ಮೇಲೆ ಕೂತು ಅರ್ಜಿ ತುಂಬುತ್ತಿದ್ದ. ಕಾಫಿ ಬರುವಷ್ಟರಲ್ಲಿ ಮನೆಯಾಕೆಯ ಮಂಡಿನೋವು, ಯಜಮಾನರ ಬಿ.ಪಿ. ಮಾತ್ರೆ ಎಲ್ಲವೂ ಮಾತಿನಲ್ಲಿ ಬಂದುಹೋಗುತ್ತಿದ್ದವು. ಅವೆಲ್ಲ ಅರ್ಜಿಗೆ ಇಳಿಯುತ್ತಿದ್ದವು ಎಂದೇನೂ ಅಲ್ಲ. ಕನಿಷ್ಠ ಪಕ್ಷ ಏಜೆಂಟನ ಕಿವಿಗಾದರೂ ಬೀಳುತ್ತಿದ್ದವು.

ಈಗ ಫೋನಿನಲ್ಲಿ ವಯಸ್ಸು, ಊರಿನ ಪಿನ್ ಕೋಡ್, ಕುಟುಂಬದ ಸದಸ್ಯರ ಸಂಖ್ಯೆ ಕೇಳಿದರೆ ಮರುಕ್ಷಣವೇ ದರಪಟ್ಟಿ ಸಿದ್ಧ. ಅದು ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಗ್ರಾಹಕ ಒಂದನ್ನು ಆರಿಸಿದರೆ ಆಧಾರ್, ಪ್ಯಾನ್ ಚಿತ್ರಗಳು ಬರುತ್ತವೆ. ಏಜೆಂಟ್ ತನ್ನ ಲಾಗಿನ್‌ನಲ್ಲಿ ಕೂತು ಪರದೆಯ ನಂತರ ಪರದೆ ತುಂಬುತ್ತಾನೆ. ಕೊನೆಯಲ್ಲಿ ಗ್ರಾಹಕನ ಮೊಬೈಲಿಗೆ ಒಟಿಪಿ ಬರುತ್ತದೆ. ‘ಸಾರ್, ನಂಬರ್ ಬಂತಾ, ಹೇಳಿ’ ಎನ್ನುತ್ತಾನೆ. ಸಾರ್ ಹೇಳುತ್ತಾರೆ. ಹಣ ಪಾವತಿಯ ಲಿಂಕ್ ಬರುತ್ತದೆ. ಸಂಜೆಯೊಳಗೆ ಪಾಲಿಸಿ ಇಮೇಲ್‌ನಲ್ಲಿರುತ್ತದೆ.

ಈ ವೇಗವನ್ನು ದೂರುವಂತಿಲ್ಲ. ಹಣದ ಮಟ್ಟಿಗೆ ಇದು ಹಿಂದಿನದಕ್ಕಿಂತ ಸುರಕ್ಷಿತ. ಪ್ರೀಮಿಯಂ ಕಂಪನಿಗೆ ಮುಟ್ಟುವವರೆಗೆ ವಿಮಾ ರಕ್ಷಣೆ ಆರಂಭವಾಗದು ಎನ್ನುತ್ತದೆ ಕಾಯ್ದೆಯ 64ವಿಬಿ ಕಲಂ. ಏಜೆಂಟ್ ವಸೂಲು ಮಾಡಿದ ಹಣವನ್ನು, ರಜೆ ಬಿಟ್ಟು, 24 ಗಂಟೆಗಳೊಳಗೆ ಕಂಪನಿಗೆ ಕಟ್ಟಬೇಕೆಂದೂ ಅದು ಹೇಳುತ್ತದೆ. ನಗದು ಪಡೆದು ವಾರಗಟ್ಟಲೆ ಜೇಬಿನಲ್ಲಿಟ್ಟುಕೊಳ್ಳುವ ಹಳೆಯ ಚಾಳಿಗೆ ನೇರ ಪಾವತಿ ತೆರೆ ಎಳೆದಿದೆ. ತೊಂದರೆ ಇರುವುದು ಪಾವತಿಯ ಪರದೆಯಲ್ಲಲ್ಲ, ಅದಕ್ಕಿಂತ ಎರಡು ಮೂರು ಪರದೆಗಳ ಹಿಂದೆ. ಆರೋಗ್ಯ ಸ್ಥಿತಿಯ ಪ್ರಶ್ನೆಗಳು ಇರುವುದು ಅಲ್ಲಿ.

ಮಧುಮೇಹ ಇದೆಯೇ, ರಕ್ತದೊತ್ತಡ ಇದೆಯೇ, ಥೈರಾಯ್ಡ್ ಇದೆಯೇ, ಈ ಹಿಂದೆ ಆಸ್ಪತ್ರೆಗೆ ದಾಖಲಾಗಿದ್ದುಂಟೇ, ನಿತ್ಯ ಮಾತ್ರೆ ಸೇವಿಸುತ್ತೀರಾ, ಬೇರೆ ಕಂಪನಿ ನಿಮ್ಮ ಅರ್ಜಿ ತಿರಸ್ಕರಿಸಿದ್ದುಂಟೇ ಎಂಬ ಪ್ರಶ್ನೆಗಳು ಸಾಲಾಗಿ ಇಂಗ್ಲಿಷ್‌ನಲ್ಲಿ ನಿಂತಿರುತ್ತವೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಒಂದಕ್ಕೆ ‘ಹೌದು’ ಎಂದರೂ ಎಂದಿನಿಂದ, ಯಾವ ಮಾತ್ರೆ, ಎಷ್ಟು ಪ್ರಮಾಣ ಎಂದು ಹೊಸ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಅರ್ಜಿ ಕಂಪನಿಯ ಪರಿಶೀಲನೆಗೆ ಹೋಗಬಹುದು, ವೈದ್ಯಕೀಯ ತಪಾಸಣೆ ಕೇಳಬಹುದು, ಪ್ರೀಮಿಯಂ ಏರಬಹುದು, ಅರ್ಜಿ ತಿರಸ್ಕೃತವೂ ಆಗಬಹುದು. ಎಲ್ಲಕ್ಕೂ ‘ಇಲ್ಲ’ ಎಂದು ಒತ್ತಿದರೆ ಪಾಲಿಸಿ ಸಂಜೆಗೇ ಕೈಸೇರುತ್ತದೆ, ಕಮಿಷನ್ ಕೂಡ. ಏಜೆಂಟನ ಆದಾಯ ಪೂರ್ತಿ ನಿಂತಿರುವುದು ಪಾಲಿಸಿ ಹೊರಬರುವುದರ ಮೇಲೆ. ‘ಹೌದು’ ಎಂದು ಒತ್ತುವ ಪ್ರಾಮಾಣಿಕತೆಗೆ ಅವನಿಗೆ ಸಿಗುವುದು ಎರಡು ವಾರಗಳ ಅಲೆದಾಟ, ಕೆಲವೊಮ್ಮೆ ಕೈತಪ್ಪಿದ ಗಿರಾಕಿ.

ರಾಣೆಬೆನ್ನೂರಿನ ಬಿತ್ತನೆ ಬೀಜದ ವ್ಯಾಪಾರಿಯೊಬ್ಬರನ್ನು ಊಹಿಸಿಕೊಳ್ಳಬಹುದು. ವಯಸ್ಸು 48, ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ದಿನಕ್ಕೊಂದು ಮಾತ್ರೆ. ಅವರ ದೃಷ್ಟಿಯಲ್ಲಿ ಅದು ಕಾಯಿಲೆಯೇ ಅಲ್ಲ, ‘ಸ್ವಲ್ಪ ಶುಗರ್’. ಏಜೆಂಟ್ ಫೋನಿನಲ್ಲಿ ‘ದೊಡ್ಡ ಕಾಯಿಲೆ ಏನೂ ಇಲ್ಲ ಅಲ್ವಾ ಅಣ್ಣಾ’ ಎಂದು ಕೇಳಿದರೆ ‘ದೇವರ ದಯೆಯಿಂದ ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಇಬ್ಬರೂ ಸುಳ್ಳು ಹೇಳಲಿಲ್ಲ, ಆದರೆ ಕಂಪನಿಯ ದಾಖಲೆಯಲ್ಲಿ ಸುಳ್ಳು ಸೇರಿತು. ಎರಡು ವರ್ಷದ ಬಳಿಕ ಎದೆನೋವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದಾಗ ಕರ್ತವ್ಯದಲ್ಲಿರುವ ವೈದ್ಯರು ಬರೆದುಕೊಳ್ಳುವ ಮೊದಲ ಸಾಲೇ ‘ಎಂಟು ವರ್ಷದಿಂದ ಮಧುಮೇಹಿ’ ಎಂಬುದು. ಆ ಸಾಲು ವಿಮಾ ಕಂಪನಿಯ ಮೇಜಿಗೆ ಹೋಗುತ್ತದೆ. ನಗದುರಹಿತ ಚಿಕಿತ್ಸೆಗೆ ಒಪ್ಪಿಗೆ ಇಲ್ಲ ಎಂಬ ಉತ್ತರ ಬರುತ್ತದೆ, ಮುಂದೆ ಪಾಲಿಸಿಯೇ ರದ್ದಾಗುವ ಸಾಧ್ಯತೆಯೂ ಇರುತ್ತದೆ.

ಇಂಥ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳ ನಿಲುವು ಕಟ್ಟುನಿಟ್ಟು. ಮೂತ್ರಪಿಂಡ ಹಾಗೂ ಮಧುಮೇಹದ ತೊಂದರೆಯನ್ನು ಮುಚ್ಚಿಟ್ಟು ಮೆಡಿಕ್ಲೇಮ್ ಪಡೆದಿದ್ದ ಪ್ರಕರಣವೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪಿತ್ತು, ವಿಮೆ ಪರಮ ವಿಶ್ವಾಸದ ಒಪ್ಪಂದ ಎಂಬುದನ್ನು ಎತ್ತಿಹಿಡಿಯಿತು. ಜೀವ ವಿಮೆಗೆ ಸಂಬಂಧಿಸಿದ 2019ರ ಪ್ರಕರಣವೊಂದರಲ್ಲಿ, ಅರ್ಜಿಯನ್ನು ಪರಿಶೀಲಿಸದೆ ಸಹಿ ಹಾಕಿದೆನೆಂಬ ಕಾರಣಕ್ಕೆ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದಿತು. ಒಟಿಪಿ ಹೇಳುವುದೆಂದರೆ ಸಹಿ ಹಾಕುವುದೇ ಎಂಬುದು ಫೋನಿನಲ್ಲಿ ಆರು ಅಂಕಿ ಓದುವ ಎಷ್ಟು ಜನರಿಗೆ ಹೊಳೆದೀತು?

ಸತ್ಯ ಹೇಳಿದವನಿಗೆ ನ್ಯಾಯಾಲಯ ಆಸರೆಯಾದದ್ದೂ ಉಂಟು. ಮಧುಮೇಹ ಇದೆಯೆಂದು ತಿಳಿಸಿ ಪ್ರವಾಸದ ಮೆಡಿಕ್ಲೇಮ್ ಪಡೆದು ಅಮೆರಿಕಕ್ಕೆ ಹೋದವರೊಬ್ಬರಿಗೆ ಅಲ್ಲಿ ಹೃದಯಾಘಾತವಾಯಿತು. ಕೊಲೆಸ್ಟ್ರಾಲ್‌ಗೆ ಸೇವಿಸುತ್ತಿದ್ದ ಮಾತ್ರೆಯ ವಿಚಾರ ಹೇಳಲಿಲ್ಲವೆಂದು ಕಂಪನಿ ಹಣ ನಿರಾಕರಿಸಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರಾಕರಣೆ ತಪ್ಪೆಂದಿತು. ವ್ಯಕ್ತಿಯ ಆರೋಗ್ಯ ಸ್ಥಿತಿಯನ್ನು ಅಳೆದು ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯ ನೆಪ ಒಡ್ಡಿ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂಬುದು ಅದರ ತರ್ಕ. ‘ಹೌದು’ ಎಂದು ಒತ್ತಿದವನಿಗೂ ‘ಇಲ್ಲ’ ಎಂದು ಒತ್ತಿದವನಿಗೂ ಇರುವ ಅಂತರ ಇಷ್ಟು ದೊಡ್ಡದು.

ನಿಯಮವೂ ಇಂದು ಸತ್ಯ ಹೇಳುವವನ ಕಡೆಗಿದೆ. ಪಾಲಿಸಿ ಪಡೆಯುವ ಮುನ್ನವೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ಐಆರ್‌ಡಿಎಐ 2024ರಲ್ಲಿ 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಿತು. ಬೀಜದ ವ್ಯಾಪಾರಿ ಸಕ್ಕರೆ ಕಾಯಿಲೆಯನ್ನು ಬರೆಸಿ, ಒಂದಿಷ್ಟು ಹೆಚ್ಚು ಪ್ರೀಮಿಯಂ ಕೊಟ್ಟು ಮೂರು ವರ್ಷ ಕಾದಿದ್ದರೆ ಸಾಕಿತ್ತು. ಅದನ್ನು ಅವರಿಗೆ ಹೇಳಬೇಕಾದವನು ಏಜೆಂಟ್.

ಏಜೆಂಟರ ನಡತೆ ಸಂಹಿತೆಯಲ್ಲಿ ಇದೆಲ್ಲವೂ ಬರೆದಿದೆ. ಮಹತ್ವದ ಮಾಹಿತಿಯನ್ನು ಬಿಟ್ಟುಬಿಡುವಂತೆ ಗ್ರಾಹಕನನ್ನು ಪುಸಲಾಯಿಸಕೂಡದು, ಕೇಳಿದರೆ ತನ್ನ ಕಮಿಷನ್ ಎಷ್ಟೆಂದು ಹೇಳಬೇಕು, ಕ್ಲೇಮ್ ಇತ್ಯರ್ಥಕ್ಕೆ ಅಗತ್ಯ ನೆರವು ನೀಡಬೇಕು. ಕಮಿಷನ್ ಎಷ್ಟೆಂದು ಕೇಳುವ ಹಕ್ಕು ತಮಗಿದೆ ಎಂಬುದೇ ಹೆಚ್ಚಿನ ಗ್ರಾಹಕರಿಗೆ ಗೊತ್ತಿಲ್ಲ.

ಕನ್ನಡದ ಪ್ರಶ್ನೆಯೂ ಇಲ್ಲಿ ಅಡಗಿದೆ. ಪಾಲಿಸಿಯ ಮುಖ್ಯಾಂಶಗಳನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವೊಂದನ್ನು ಹೊಸ ನಮೂನೆಯಲ್ಲಿ ಕೊಡುವುದು 2024ರ ಜನವರಿ 1ರಿಂದ ಕಡ್ಡಾಯವಾಗಿದೆ. ಪಾಲಿಸಿದಾರ ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದು ಪ್ರಾಧಿಕಾರವೇ ಹೇಳಿದೆ. ‘ಬಯಸಿದರೆ’ ಎಂಬ ಪದದಲ್ಲೇ ಎಡವಟ್ಟಿದೆ. ಇಂಥದ್ದೊಂದು ಪತ್ರವಿದೆ ಎಂಬುದು ತಿಳಿಯದವನು ಅದನ್ನು ಕನ್ನಡದಲ್ಲಿ ಬಯಸುವುದು ಹೇಗೆ? ಹೀಗಾಗಿ ಇಂಗ್ಲಿಷಿನ ಷರತ್ತುಗಳಿಗೆ ಏಜೆಂಟನ ಬಾಯಿಮಾತೇ ಭಾಷಾಂತರ. ಅವನು ಏನು ಹೇಳಿದ ಎಂಬುದಕ್ಕೆ ದಾಖಲೆ ಇರುವುದಿಲ್ಲ. ಕಂಪನಿಯ ಕೈಯಲ್ಲಿ ಒಟಿಪಿ ಇರುತ್ತದೆ, ಗ್ರಾಹಕನ ಕೈಯಲ್ಲಿ ಏನೂ ಇರುವುದಿಲ್ಲ. ಫೋನಿನಲ್ಲಿ ಹೇಳಿದ್ದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಎಂದು ಏಜೆಂಟನನ್ನು ಕೇಳುವುದು ಗ್ರಾಹಕನಿಗಿರುವ ಅತ್ಯಂತ ಅಗ್ಗದ ರಕ್ಷಣೆ.

ದರಪಟ್ಟಿಯ ಪರದೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ವಿಮಾ ಮೊತ್ತ ಮತ್ತು ಪ್ರೀಮಿಯಂ ಎರಡೇ. ಕೊಠಡಿ ಬಾಡಿಗೆಯ ಮಿತಿ ಒಳಪುಟದಲ್ಲಿ ಎಲ್ಲೋ ಇರುತ್ತದೆ. 5 ಲಕ್ಷ ರೂ. ಪಾಲಿಸಿಯಲ್ಲಿ ದಿನದ ಬಾಡಿಗೆ ಮಿತಿ ಶೇ.1 ಎಂದಿದ್ದರೆ 5,000 ರೂ. ಮಾತ್ರ. ರೋಗಿ 8,000 ರೂ. ಕೊಠಡಿಗೆ ಹೋದರೆ ಕಡಿತವಾಗುವುದು ದಿನದ 3,000 ರೂ. ಮಾತ್ರವೆಂದು ಜನ ಎಣಿಸುತ್ತಾರೆ. ಅನುಪಾತದ ಕಡಿತ ಇರುವ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕದಂಥ ವೆಚ್ಚಗಳಿಗೂ ಎಂಟರಲ್ಲಿ ಐದು ಪಾಲು ಮಾತ್ರ ಸಿಗುತ್ತದೆ. ಅಂಥ ಬಾಬತ್ತು 2 ಲಕ್ಷ ರೂ. ಆಗಿದ್ದರೆ 75,000 ರೂ. ರೋಗಿಯ ಜೇಬಿನಿಂದ ಹೋಗುತ್ತದೆ. ಔಷಧ, ಅಳವಡಿಕೆಯ ಸಾಧನ, ಪ್ರಯೋಗಾಲಯದ ಪರೀಕ್ಷೆಗಳಿಗೆ ಈ ಅನುಪಾತ ಅನ್ವಯಿಸದು ಎಂಬುದಷ್ಟೇ ಸಮಾಧಾನ. ಈ ಲೆಕ್ಕವನ್ನು ಮಾರಾಟದ ದಿನವೇ ಬಿಡಿಸಿ ಹೇಳುವ ಏಜೆಂಟ್ ಯಾವ ಆ್ಯಪ್‌ಗಿಂತಲೂ ಮೇಲು.

ಕ್ಲೇಮಿನ ದಿನ

ಐಆರ್‌ಡಿಎಐ ವಾರ್ಷಿಕ ವರದಿಯಂತೆ 2023-24ರಲ್ಲಿ ವಿಮಾ ಕಂಪನಿಗಳು ಸುಮಾರು 15 ಸಾವಿರ ಕೋಟಿ ರೂ. ಮೌಲ್ಯದ ಆರೋಗ್ಯ ಕ್ಲೇಮುಗಳನ್ನು ಪಾಲಿಸಿಯ ಷರತ್ತುಗಳ ಅನ್ವಯ ಒಪ್ಪಿಕೊಳ್ಳಲಿಲ್ಲ. ಅದು ಒಟ್ಟು ಕ್ಲೇಮ್ ಮೊತ್ತದ ಶೇ.12.9. ಇದರ ಹಿಂದೆ ಕಂಪನಿಗಳ ಜಿಪುಣತನ ಎಷ್ಟು, ಆಸ್ಪತ್ರೆಗಳ ಉಬ್ಬಿಸಿದ ಬಿಲ್ಲು ಎಷ್ಟು, ಅರ್ಜಿಯಲ್ಲಿನ ತಪ್ಪು ‘ಇಲ್ಲ’ಗಳು ಎಷ್ಟು ಎಂದು ಈ ಅಂಕಿಯೊಂದರಿಂದಲೇ ಬೇರ್ಪಡಿಸಿ ಹೇಳಲಾಗದು.

2024ರ ಮೇ 29ರ ಸಮಗ್ರ ಸುತ್ತೋಲೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ಕಂಪನಿಗಳಿಗೆ ವಿಧಿಸಿದೆ. ನಿಯಮ ಒಳ್ಳೆಯದೇ. ಆದರೆ ಆಸ್ಪತ್ರೆಯ ವಿಮಾ ಕೌಂಟರ್ ಕಳಿಸಿದ ಕಾಗದದಲ್ಲಿ ಕೊರತೆ ಇದ್ದು ಕಂಪನಿ ವಿವರಣೆ ಕೇಳಿದರೆ ಹೊತ್ತು ಜಾರುತ್ತದೆ. ಆಗ ಬೇಕಾಗುವುದು ಓಡಾಡುವವನೊಬ್ಬ. ಹಳೆಯ ಚೀಟಿ ಹುಡುಕಿಸಿ, ವೈದ್ಯರಿಂದ ಸ್ಪಷ್ಟನೆ ಬರೆಸಿ, ಕಂಪನಿಯ ಶಾಖೆಗೆ ಫೋನ್ ಹಚ್ಚುವವನು. ದೊಡ್ಡ ತಾಣಗಳು ಇದಕ್ಕೆಂದೇ ಸಹಾಯವಾಣಿ ಇಟ್ಟಿವೆ. ಆದರೆ ರೋಗಿಯ ಕಡೆಯವರಿಗೆ ನೆನಪಾಗುವುದು ಊರಿನ ಏಜೆಂಟನ ಹೆಸರೇ. ಅವನು ಬಂದರೆ ಅರ್ಧ ದಿನದ ದುಡಿಮೆ ಹೋಯಿತು. ಆ ಅರ್ಧ ದಿನಕ್ಕೆ ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಸಂಹಿತೆ ಅದನ್ನು ಕರ್ತವ್ಯ ಎಂದಿದೆ, ಕೂಲಿ ಎಂದಿಲ್ಲ.

ಒಳ್ಳೆಯ ಏಜೆಂಟರು ಇಷ್ಟು ದಿನ ಇದನ್ನು ಮಾಡಿಕೊಂಡು ಬಂದದ್ದು ನವೀಕರಣದ ಕಮಿಷನ್ ಭರವಸೆಯಿಂದ. ಒಂದು ಕ್ಲೇಮ್ ಸಲೀಸಾಗಿ ಆದರೆ ಆ ಬೀದಿಯ ನಾಲ್ಕು ಮನೆಗಳು ತನಗೆ ಎಂಬ ಲೆಕ್ಕ. ಆ ಲೆಕ್ಕವನ್ನು ಮೊದಲು ಅಲುಗಿಸಿದ್ದು 2023ರ ಕಮಿಷನ್ ನಿಯಮಾವಳಿ. ಅಲ್ಲಿಯವರೆಗೆ ವೈಯಕ್ತಿಕ ಆರೋಗ್ಯ ವಿಮೆಗೆ ಶೇ.15ರ ಮಿತಿ ಇತ್ತು. ಆ ವರ್ಷದ ಏಪ್ರಿಲ್ 1ರಿಂದ ಪಾಲಿಸಿವಾರು ಮಿತಿ ಹೋಗಿ ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಾತ್ರ ಮಿತಿ ಬಂತು. ಸಾಮಾನ್ಯ ವಿಮಾ ಕಂಪನಿಗಳಿಗೆ ಪ್ರೀಮಿಯಂನ ಶೇ.30, ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಗಳಿಗೆ ಶೇ.35. ಆ ಚೌಕಟ್ಟಿನೊಳಗೆ ಯಾರಿಗೆ ಎಷ್ಟು ಕೊಡಬೇಕೆಂಬುದು ಕಂಪನಿಯ ಆಡಳಿತ ಮಂಡಳಿಗೆ ಬಿಟ್ಟದ್ದು. ಚೌಕಾಸಿಯಲ್ಲಿ ಯಾರ ಕೈ ಮೇಲಾದೀತು ಎಂಬುದಕ್ಕೆ ಅರ್ಥಶಾಸ್ತ್ರ ಓದಬೇಕಿಲ್ಲ. ಲಕ್ಷಾಂತರ ಪಾಲಿಸಿ ತರುವ ತಾಣಕ್ಕೂ ನೂರು ಪಾಲಿಸಿ ತರುವ ಏಜೆಂಟನಿಗೂ ಒಂದೇ ಮರ್ಯಾದೆ ಸಿಗದು. ಅದರ ಮೇಲೆ 2025ರ ಜಿಎಸ್‌ಟಿ ಹೊರೆ. ದುಡಿಮೆ ಕಡಿಮೆಯಾದ ಏಜೆಂಟ್ ಮೊದಲು ಕೈಬಿಡುವುದು ಯಾವುದನ್ನು? ಹಣ ಹುಟ್ಟದ ಆಸ್ಪತ್ರೆ ಓಡಾಟವನ್ನು. ಎರಡನೆಯದಾಗಿ, ‘ಹೌದು’ ಎಂದು ಒತ್ತಿದರೆ ಬೆಳೆಯುವ ಪ್ರಶ್ನಾವಳಿಯನ್ನು.

ಪಾಲಿಸಿ ಬೇಡವೇ ಬೇಡ ಎಂದು ಹೇಳಬೇಕಾದ ಸಂದರ್ಭಗಳೂ ಇವೆ, ಅದಕ್ಕಂತೂ ಕಮಿಷನ್ ಸಿಗುವ ಮಾತೇ ಇಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಇದೆ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. 2003ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಮರಳಿ ಬಂದಿದೆ. ಖಾಸಗಿ ಪಾಲಿಸಿ ಇವುಗಳಾಚೆಗೆ ಏನು ಕೊಡುತ್ತದೆ ಎಂದು ವಿವರಿಸಿ ಮಾರುವುದು ಒಂದು ಬಗೆ, ಇವುಗಳ ಹೆಸರೆತ್ತದೆ ಮಾರುವುದು ಇನ್ನೊಂದು ಬಗೆ.

ಅನ್ಯಾಯವಾಯಿತೆಂದು ಅನ್ನಿಸಿದವರಿಗೆ ಬಾಗಿಲುಗಳೇನೂ ಮುಚ್ಚಿಲ್ಲ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಮರಳಿಸಬಹುದು. ಅರ್ಜಿಯ ಪ್ರತಿ ಪಾಲಿಸಿಯ ಜೊತೆಗೇ ಬರುವುದರಿಂದ ತನ್ನ ಹೆಸರಿನಲ್ಲಿ ಎಲ್ಲೆಲ್ಲಿ ‘ಇಲ್ಲ’ ಬಿದ್ದಿದೆ ಎಂದು ಓದಿ ತಿದ್ದಿಸಲು ಇದೇ ಸಕಾಲ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳೊಳಗೆ ಪರಿಹಾರ ಸಿಗದಿದ್ದರೆ ಬೆಂಗಳೂರಿನ ಜೆ.ಪಿ.ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ವಕೀಲರು ಬೇಡ, ಶುಲ್ಕವೂ ಇಲ್ಲ, 50 ಲಕ್ಷ ರೂ.ವರೆಗಿನ ವ್ಯಾಜ್ಯ ಅಲ್ಲಿ ತೀರ್ಮಾನವಾಗುತ್ತದೆ. ಏಜೆಂಟರ, ಬ್ರೋಕರ್‌ಗಳ ಸೇವಾಲೋಪವೂ ಅದರ ವ್ಯಾಪ್ತಿಗೆ ಬರುತ್ತದೆ.

ಹೊಸ ಪಾಲಿಸಿಯ ಆಮಿಷ

ಬಿಮಾ ಸುಗಮ್ ಎಂಬ ಸಾಮಾನ್ಯ ಮಾರುಕಟ್ಟೆ ತಾಣಕ್ಕೆ ಐಆರ್‌ಡಿಎಐ 2024ರ ಮಾರ್ಚ್‌ನಲ್ಲಿ ನಿಯಮಾವಳಿ ರೂಪಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಲತಾಣದ ಮೊದಲ ರೂಪ ಅನಾವರಣಗೊಂಡಿತು. ಎಲ್ಲ ಕಂಪನಿಗಳ ಪಾಲಿಸಿಗಳೂ ಗ್ರಾಹಕನಿಗೆ ಶುಲ್ಕವಿಲ್ಲದೆ ಅಲ್ಲಿ ದೊರೆಯಬೇಕೆಂಬುದು ಉದ್ದೇಶ. ಏಜೆಂಟರಿಗೂ ಅಲ್ಲಿ ಜಾಗವಿದೆ ಎನ್ನುತ್ತದೆ ನಿಯಮಾವಳಿ. ಬೆಲೆ ಹೋಲಿಕೆಯೇ ಬಂಡವಾಳವಾದವರಿಗೆ ಇದು ಕಳವಳದ ಸಂಗತಿ. ಅರ್ಜಿಯನ್ನು ನೆಟ್ಟಗೆ ತುಂಬಿಸಿ, ಕ್ಲೇಮಿಗೆ ಜೊತೆ ನಿಲ್ಲುವವರ ಕೆಲಸವನ್ನು ಈ ತಾಣವೂ ಮಾಡಿಕೊಡಲಾರದು. ಆ ಕೆಲಸಕ್ಕೆ ಬೆಲೆ ಕಟ್ಟುವ ಯೋಚನೆ ಮಾತ್ರ ಪ್ರಾಧಿಕಾರದ ಯಾವ ನಿಯಮದಲ್ಲೂ ಕಾಣುವುದಿಲ್ಲ.

ಅದಕ್ಕಿಂತ ಹತ್ತಿರದ ಅಪಾಯ ಬೇರೊಂದಿದೆ. 2020 ಮತ್ತು 2021ರ ಕೊರೊನಾ ಅಲೆಗಳಲ್ಲಿ ಹೆದರಿದ ಕುಟುಂಬಗಳು ಫೋನಿನಲ್ಲೇ ಪಾಲಿಸಿ ಕೊಂಡಿದ್ದವು, ಆಗ ಏಜೆಂಟ್ ಮನೆಗೆ ಬರುವಂತೆಯೇ ಇರಲಿಲ್ಲ. ಸತತ 60 ತಿಂಗಳು ನವೀಕರಿಸಿದ ಪಾಲಿಸಿಯನ್ನು, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪ್ರಶ್ನಿಸುವಂತಿಲ್ಲ ಎಂಬುದು 2024ರಿಂದ ಜಾರಿಯಲ್ಲಿರುವ ನಿಯಮ. ಅದಕ್ಕೂ ಮುನ್ನ ಈ ಅವಧಿ ಎಂಟು ವರ್ಷವಿತ್ತು. 2021ರ ಮೇ ತಿಂಗಳಲ್ಲಿ ಕೊಂಡು ತಪ್ಪದೆ ನವೀಕರಿಸಿದ ಪಾಲಿಸಿಗೆ 2026ರ ಮೇ ತಿಂಗಳಿಗೆ 60 ತಿಂಗಳು ತುಂಬುತ್ತದೆ. ನಡುವೆ ಏರಿಸಿಕೊಂಡ ವಿಮಾ ಮೊತ್ತಕ್ಕೆ ಮಾತ್ರ ಏರಿಸಿದ ದಿನದಿಂದ ಲೆಕ್ಕ.

‘ಇದಕ್ಕಿಂತ ಕಡಿಮೆಗೆ ಹೊಸ ಪಾಲಿಸಿ ಕೊಡಿಸುತ್ತೇನೆ, ಹಳೆಯದನ್ನು ಬಿಟ್ಟುಬಿಡಿ’ ಎಂಬ ಕರೆಗಳು ಬರುವುದು ಇಂಥ ನವೀಕರಣದ ಹೊತ್ತಿಗೇ. ಪೋರ್ಟಬಿಲಿಟಿ ಎಂಬ ವರ್ಗಾವಣೆಯ ಸೌಲಭ್ಯ 2011ರಿಂದ ಇದೆ. ನವೀಕರಣಕ್ಕೆ 45 ದಿನ ಮೊದಲು ಅರ್ಜಿ ಹಾಕಿ ಅದರ ಮೂಲಕ ಹೋದರೆ ಕಾದ ತಿಂಗಳುಗಳ ಲೆಕ್ಕ ಹಳೆಯ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಹೋಗುತ್ತದೆ. ಆದರೆ ವರ್ಗಾವಣೆಯ ಅರ್ಜಿಯನ್ನು ಹೊಸ ಕಂಪನಿ ಪರಿಶೀಲಿಸಬೇಕು, ಕ್ಲೇಮಿನ ಇತಿಹಾಸ ತರಿಸಿಕೊಳ್ಳಬೇಕು, ಬೇಡವೆನ್ನಲೂ ಬಹುದು. ಹೊಸ ಪಾಲಿಸಿಯಾದರೆ ಲಿಂಕ್ ಕಳಿಸಿದರಾಯಿತು, ಎಲ್ಲ ಪ್ರಶ್ನೆಗೂ ‘ಇಲ್ಲ’, ಒಂದು ಒಟಿಪಿ. ಹಾಗೆ ಕೊಂಡವರಿಗೆ 36 ತಿಂಗಳ ಕಾಯುವಿಕೆಯೂ 60 ತಿಂಗಳ ಗಡುವೂ ಮತ್ತೆ ಮೊದಲ ದಿನದಿಂದ ಎಣಿಕೆಯಾಗುತ್ತವೆ.